ಅತ್ತಿಗೆ ಸುಟ್ಟು ತಿಂದ ಗೆಡ್ಡೆ

ಆಗ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಸಸ್ಯಶಾಸ್ತ್ರವೆಂದರೆ ಹಳೇಬೀಡಿನ ನಮ್ಮ ಮನೆಯಲ್ಲಿ ಹೂ ಕೀಳುವ ವಿದ್ಯೆ. “ಅದಕ್ಕೆ ಮೈಸೂರಿಗೇ ಹೋಗ್ಬೇಕಾ? ನಮ್ಮ ಹಿತ್ತಲು ಸಾಲ್ದಾ?” ಎಂದು ಅಮ್ಮ ನಗುತ್ತಿದ್ದಳು. ಅಪ್ಪ ಶಾಲೆಯ ಮೇಷ್ಟರು. ಹಟ ಹಿಡಿದು ಕಳಿಸಿದ್ದರು.

ಆ ವರ್ಷ ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಮೇಲಿಟ್ಟು ಒತ್ತಿ, ಬಣ್ಣ ಕೊಟ್ಟು, ಒಂದು ಜೀವಕೋಶ ಎರಡಾಗುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದೆವು. ಒಂದು ದಿನ ಮೇಡಂ ಕಾಲ್ಚಿಸಿನ್ ಎಂಬ ವಿಷದಲ್ಲಿ ನೆನೆಸಿದ ಬೇರುಗಳನ್ನು ಕೊಟ್ಟರು. ಅವುಗಳ ಕೋಶಗಳು ಇಬ್ಭಾಗವಾಗಲು ಹೊರಟು, ನಡುವೆಯೇ ಸಿಕ್ಕಿಕೊಂಡು ನಿಂತಿದ್ದವು.

“ಎಲ್ಲಿ ಬೆಳವಣಿಗೆ ಜೋರಾಗಿದ್ಯೋ ಅಲ್ಲೇ ಇದರ ಕೆಲಸ. ನಮ್ಮ ಬೇಲೀಲಿ ಬಿಡೋ ಗೌರಿ ಹೂವಿನ ಗೆಡ್ಡೇಲೂ ಇದೇ ವಿಷ ಇರೋದು” ಎಂದು ಬುಡಸಮೇತ ಕಿತ್ತ ಬಳ್ಳಿಯೊಂದನ್ನು ಎತ್ತಿ ಹಿಡಿದರು. ಕೆಂಪು ಹಳದಿ ಬೆಂಕಿಯಂಥ ಹೂ, ಕೆಳಗೆ ನೇಗಿಲಿನಂತೆ ಬಾಗಿದ ಗೆಡ್ಡೆ.

ಗೌರಿ ಹಬ್ಬಕ್ಕೆ ಊರಿಗೆ ಬಂದಾಗ ಮನೆಯಲ್ಲಿ ಹೊಸ ಅತ್ತಿಗೆ ಇದ್ದಳು. ಬಾಣಾವರದ ಹುಡುಗಿ, ನನಗಿಂತ ಚಿಕ್ಕವಳು. ಮಂಡಿ ಮುಟ್ಟುವ ಜಡೆ. ಅಣ್ಣ ಅರಸೀಕೆರೆಯ ಕಚೇರಿಯಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಬರುತ್ತಿದ್ದ. ಹಬ್ಬಕ್ಕೆಂದು ಹಿತ್ತಲ ಬೇಲಿಯನ್ನು ಸವರಿ ಬುಡ ಅಗೆಸಿದ್ದರು.

ಪೂಜೆ ಮುಗಿಯುವವರೆಗೆ ಹೆಂಗಸರಿಗೆ ಉಪವಾಸ. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಅತ್ತಿಗೆ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಅಮ್ಮನ ಮುಖ ಅರಳಿತು.

“ಗೌರಮ್ಮ ಕಣ್ಬಿಟ್ಲು ಕಣ್ರೀ!” ಎಂದರು ಪಕ್ಕದ ಮನೆಯಾಕೆ.

ಆದರೆ ವಾಂತಿ ನಿಲ್ಲಲಿಲ್ಲ. ಭೇದಿಯೂ ಶುರುವಾಯಿತು. ಬಚ್ಚಲಲ್ಲಿ ಅವಳ ತಲೆ ಹಿಡಿದುಕೊಂಡು ಕೂತಿದ್ದ ನನಗೆ ನೀರೊಲೆಯ ಬೂದಿಯಲ್ಲಿ ಏನೋ ಕಂಡಿತು. ಅರ್ಧ ತಿಂದು ಬಿಟ್ಟ ಗೆಡ್ಡೆ. ನೇಗಿಲಿನಂತೆ ಬಾಗಿತ್ತು.

“ಇದನ್ನ ತಿಂದ್ಯಾ?”

“ಬೆಳಿಗ್ಗೆ ತುಂಬಾ ಹಸಿವಾಗಿತ್ತು ಕಣೇ. ಬೇಲಿ ಹತ್ರ ಬಿದ್ದಿತ್ತು. ಗೆಣಸು ಅಂದ್ಕೊಂಡು ಸುಟ್ಕೊಂಡೆ. ಕಹಿ ಇತ್ತು. ಅತ್ತೇಗೆ ಹೇಳ್ಬೇಡ್ವೇ, ಉಪವಾಸ ಕೆಡಿಸಿದ್ಲು ಅಂತಾರೆ.”

ನಾನು ಕೂಗಿದ ಕೂಗಿಗೆ ಅಪ್ಪ ಮಡಿಯಲ್ಲೇ ಓಡಿ ಬಂದರು. ತೆಂಗಿನಕಾಯಿ ತುಂಬಿದ್ದ ಲಾರಿಯೊಂದನ್ನು ತಡೆದು ಬೇಲೂರಿನ ಆಸ್ಪತ್ರೆ ಸೇರಿದೆವು. ಗೆಡ್ಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ. ಡಾಕ್ಟರು ಅದನ್ನು ತಿರುಗಿಸಿ ನೋಡಿ, “ಇದನ್ನ ತಂದಿದ್ದು ಒಳ್ಳೇದಾಯ್ತಮ್ಮ. ನಾನು ಕಾಲರಾ ಅಂತಿದ್ದೆ” ಎಂದರು. ಅಮ್ಮ ಮಂಚದ ಪಕ್ಕ ಕೂತು, ಯಾರನ್ನೂ ನೋಡದೆ, “ಹಸಿವು ಅನ್ನೋ ಒಂದು ಮಾತು ನನ್ನ ಹತ್ರ ಆಡೋಕಾಗ್ಲಿಲ್ವಲ್ಲ” ಎಂದಳು.

ಅತ್ತಿಗೆ ಉಳಿದಳು. ಮನೆಗೆ ಕರೆತಂದೆವು, ಗಂಜಿಯಿಂದ ಅನ್ನಕ್ಕೆ ಬಂದಳು. ಎಲ್ಲ ಮುಗಿಯಿತೆಂದುಕೊಂಡು ನಾನು ಮೈಸೂರಿಗೆ ಟ್ರಂಕು ತುಂಬುತ್ತಿದ್ದೆ. ಜಗಲಿಯಿಂದ ಅಮ್ಮ ಕಿರುಚಿದಳು. ಎಣ್ಣೆ ಹಚ್ಚಿ ಬಾಚಲು ಹೋದರೆ ಅತ್ತಿಗೆಯ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬಂದಿತ್ತು. ಮಾರನೆಯ ದಿನ ತಲೆ ಬೋಳು.

“ಗಂಡ ಗುಂಡುಕಲ್ಲಿನ ಹಾಗಿರೋವಾಗ ಇದೇನು ಅನಿಷ್ಟ!” ಎಂದು ಪಕ್ಕದ ಮನೆಯಾಕೆ ಬಾಗಿಲಲ್ಲೇ ಹಿಂದೆ ಸರಿದರು. ಅತ್ತಿಗೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ನನಗೆ ಮಾತ್ರ ಕಣ್ಣೆದುರು ಆ ಈರುಳ್ಳಿ ಬೇರಿನ ತುದಿಗಳೇ ನಿಂತವು. ಬೇರಿನ ತುದಿಯಲ್ಲಿ ನಡೆದದ್ದೇ ಕೂದಲ ಬುಡದಲ್ಲೂ ನಡೆದಿತ್ತು. ಪರೀಕ್ಷೆಗೆಂದು ಉರು ಹಾಕಿದ್ದ ಪಾಠ ನಮ್ಮ ಅಡುಗೆಮನೆಯ ಗೋಡೆಗೆ ಒರಗಿ ಅಳುತ್ತಿತ್ತು.

“ಮತ್ತೆ ಬೆಳೆಯುತ್ತಾ?” ಎಂದು ಅತ್ತಿಗೆ ಕೇಳಿದಳು.

ನನಗೆ ಗೊತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಮನುಷ್ಯರಿರಲಿಲ್ಲ. ಹಾಗೆಯೇ ಹೇಳಿದೆ. ಮೈಸೂರಿಗೆ ಹೋದವಳೇ ಮೇಡಂಗೆ ಎಲ್ಲ ತಿಳಿಸಿದೆ. ಅವರು ಪರಿಚಯದ ವೈದ್ಯರೊಬ್ಬರನ್ನು ಕೇಳಿ ಬಂದು, “ಬುಡ ಸತ್ತಿರಲ್ವಂತೆ. ಬರುತ್ತಂತೆ, ಬರೆದು ತಿಳಿಸು” ಎಂದರು.

ಅಷ್ಟರಲ್ಲಿ ಅಣ್ಣ ಅರಸೀಕೆರೆಯಲ್ಲಿ ಸ್ಟೇಷನ್ ಹತ್ತಿರ ಒಂದು ಕೋಣೆ ಹಿಡಿದು ಅವಳನ್ನು ಕರೆದುಕೊಂಡು ಹೋಗಿದ್ದ. ಅಮ್ಮ ತಡೆಯಲಿಲ್ಲ, ತಾನೇ ಅಕ್ಕಿ, ಬೆಲ್ಲ, ಹುರಿಗಡಲೆ ಕಟ್ಟಿ ಬಸ್ಸಿಗೆ ಹಾಕಿಸಿದಳಂತೆ.

ಶಿವರಾತ್ರಿಗೆ ಊರಿಗೆ ಹೋಗುವಾಗ ಸುತ್ತುದಾರಿ ಹಿಡಿದು ಅರಸೀಕೆರೆಯಲ್ಲಿ ಇಳಿದೆ. ಬಾಗಿಲು ಹಾಕಿ ಅತ್ತಿಗೆ ಸೆರಗು ಸರಿಸಿದಳು. ತಲೆಯ ತುಂಬ ಗುಂಗುರು ಗುಂಗುರಾಗಿ ಕಪ್ಪು ಕೂದಲು.

“ಮುಟ್ಟಿ ನೋಡೇ, ಕುರಿಮರಿ ಥರ ಇಲ್ವಾ?” ಎಂದು ನನ್ನ ಕೈಯನ್ನು ಎಳೆದು ತಲೆಯ ಮೇಲಿಟ್ಟುಕೊಂಡಳು.

ಅವಳು ನಗುತ್ತಿದ್ದಳು. ಅತ್ತವಳು ನಾನು.