ಹುಳುಗಳ ಜೊತೆ ಹೆಮ್ಮಿಗೆಯವರೆಗೆ

ನಂಜನಗೂಡು ಬಿಟ್ಟಾಗ ಬೆಳಿಗ್ಗೆ ಎಂಟು ಗಂಟೆ. ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ಪರಿಚಯದ ರೈತ ಮಾದೇವಣ್ಣ ತನ್ನ ಹಳೆಯ ಪಿಕಪ್‌ಗೆ ಹತ್ತಿಸಿಕೊಂಡು, ತೊಡೆಯ ಮೇಲೆ ಮೂರು ತಟ್ಟೆ ಪೇರಿಸಿದ. ಹೆಮ್ಮಿಗೆಯ ತನ್ನ ಹುಳುಮನೆಗೆ ಕೊಂಡೊಯ್ಯುತ್ತಿದ್ದ ಎಳೆಯ ರೇಷ್ಮೆ ಹುಳುಗಳು. ಜ್ವರಕ್ಕೆ ಕೂತಿದ್ದವು, ಅಂದರೆ ಪೊರೆ ಬಿಡುವ ಮೊದಲು ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಂತಿದ್ದವು.

ಸುತ್ತೂರಿನ ದಾರಿಯಲ್ಲಿ ಕಾಲಿನ ಹತ್ತಿರದಿಂದ ಬಿಸಿಗಾಳಿ ಏಳತೊಡಗಿತು. ಹೀಟರ್ ಆರಿಸಿಯೇ ಇತ್ತು. ಮಾದೇವಣ್ಣ ಬೇಸಿಗೆಯಲ್ಲಿ ಹುಳುಮನೆಗೆ ಮಾಡುವಂತೆ ಗೋಣಿಚೀಲ ಒದ್ದೆ ಮಾಡಿ ಗಾಳಿಗೆ ಅಡ್ಡ ಹಾಸಿದ. ಐದೇ ನಿಮಿಷದಲ್ಲಿ ಗಾಜು, ನನ್ನ ಕನ್ನಡಕ ಎಲ್ಲ ಮಬ್ಬಾದವು.

"ಉಳ ಓದ್ರೆ ಈ ಸಲದ ಬೆಳೆಯೇ ಓಯ್ತು ಸಾ," ಎಂದ.

ಸುತ್ತೂರು ದಾಟಿದ ಮೇಲೆ ಮೆಕ್ಯಾನಿಕ್ ರಸೂಲ್ ಸಾಬರ ಶೆಡ್ ಸಿಕ್ಕಿತು. ತಟ್ಟೆ ಇಳಿಸಲು ಕೈ ಚಾಚಿದವರು ಅರ್ಧಕ್ಕೇ ನಿಂತರು. "ಕೈಯೆಲ್ಲ ಡೀಸೆಲ್ ವಾಸ್ನೆ. ಹುಳಕ್ಕಾಗಲ್ಲ, ನೀವೇ ನೆರಳಿಗಿಡಿ." ಆಮೇಲೆ ಗೋಣಿ ಕಂಡು, "ಏನ್ ಮಾದೇವಣ್ಣ, ಗಾಡೀನ ಇಡ್ಲಿ ಪಾತ್ರೆ ಮಾಡ್ಬುಟ್ಟಿದ್ದೀಯಲ್ಲ! ಜ್ವರದ ಹುಳಕ್ಕೆ ಒಣಗಾಳಿ ಬೇಕು ಅಂತ ನಂಗೂ ಗೊತ್ತು!"

ನಾಚಿದ ಮಾದೇವಣ್ಣ ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಸಾಬರು ಅವನ ಮಣಿಕಟ್ಟು ಹಿಡಿದುಬಿಟ್ಟರು.

"ಮುಖ ಬೇಯಿಸ್ಕೊತೀಯೇನ್ಲಾ? ತಣ್ಣಗಾಗ್ಲಿ."

ಒಂದು ಗಂಟೆ ಕಾದೆವು. ತಟ್ಟೆಯ ಮುಂದೆ ಕೂತೆ. ಸಾವಿರಾರು ತಲೆಗಳು ಮೇಲೆದ್ದು ನಿಂತಿದ್ದವು. ಸತ್ತಿವೆಯೋ ಬದುಕಿವೆಯೋ ತಿಳಿಯದು. ಉಸಿರು ಬಿಡಲೂ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದೆ.

ಹೀಟರಿಗೆ ಎಂಜಿನ್ನಿನ ಬಿಸಿನೀರು ಎರಡು ಪೈಪುಗಳಲ್ಲಿ ಹೋಗಿ ಬರುತ್ತದೆ. ಅದನ್ನು ತಡೆಯುವ ವಾಲ್ವ್ ತೆರೆದೇ ಕಚ್ಚಿಕೊಂಡಿತ್ತು. ಸಾಬರು ಪೈಪುಗಳನ್ನು ಹೀಟರಿನಿಂದ ಬಿಚ್ಚಿ, ಒಂದರ ತುದಿಯನ್ನು ಇನ್ನೊಂದಕ್ಕೆ ಲೋಹದ ಕೊಳವೆಯಿಂದ ಜೋಡಿಸಿ ಬಿಗಿದರು. ನೀರು ಇನ್ನು ಒಳಗೆ ಬರದೆ ಎಂಜಿನ್ನಿಗೇ ಮರಳುತ್ತದೆ. "ಚಳಿಯಾದ್ರೆ ಕಂಬಳಿ ಹೊದ್ಕೊ," ಎಂದರು.

ತಿ. ನರಸೀಪುರ ದಾಟಿ ಹೆಮ್ಮಿಗೆ ಸೇರುವವರೆಗೂ ಕಾಲು ತಣ್ಣಗಿತ್ತು. ಮಾದೇವಣ್ಣನ ಹೆಂಡತಿ ಪುಟ್ಟಗೌರಮ್ಮ ನಮ್ಮ ಕೈಕಾಲು ತೊಳೆಸಿಯೇ ಒಳಗೆ ಬಿಟ್ಟರು. ಕೋಳಿಪುಕ್ಕದಿಂದ ಒಂದು ಹುಳುವನ್ನು ಸವರಿದರು. ಅಲುಗಲಿಲ್ಲ. ಇನ್ನೊಂದನ್ನು ಸವರಿದರು. ಎತ್ತಿದ ತಲೆ ಎಳ್ಳುಕಾಳಿನಷ್ಟು ಓರೆಯಾಯಿತು.

"ಬದುಕ್ಯವೆ," ಎಂದರು ಪಿಸುದನಿಯಲ್ಲಿ. ಕೆಳಗಿನ ತಟ್ಟೆಯ ಒಂದು ಅಂಚಿನ ಹುಳುಗಳು ಮಾತ್ರ ಕೊನೆಗೂ ಅಲುಗಲಿಲ್ಲ.

ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಹೊರಟ ಮಾದೇವಣ್ಣ ಗಾಡಿ ಸ್ಟಾರ್ಟ್ ಮಾಡಲಿಲ್ಲ. ಹುಳುಮನೆ ದಾಟುವವರೆಗೆ ತಳ್ಳಿದ. ನಾನೂ ಹೆಗಲು ಕೊಟ್ಟೆ. ತಿರುಗಿ ನೋಡಿದೆ. ಬಾಗಿಲಲ್ಲಿ ಪುಟ್ಟಗೌರಮ್ಮ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು.