ಒಂದು ಬೊಟ್ಟು ಮೇಣ

ನಂಜನಗೂಡಿನ ಮೆಕ್ಯಾನಿಕ್ ಸಿದ್ದರಾಜಣ್ಣನ ಅಂಗಿ ಜೇಬಿನಲ್ಲಿ ಸದಾ ಅರ್ಧ ಮೇಣದಬತ್ತಿ ಇರುತ್ತಿತ್ತು. ಕರೆಂಟು ಹೋದಾಗ ಹಚ್ಚಲಿಕ್ಕಲ್ಲ, ನನ್ನಂಥ ಬುದ್ಧಿವಂತರನ್ನು ಪರೀಕ್ಷೆ ಮಾಡಲಿಕ್ಕೆ.

ಹೈಸ್ಕೂಲು ಮೇಷ್ಟರಾದ ನಾನು, ತಲೆ ಅರ್ಧ ನರೆತ ಮೇಲೆ, ಬೈಕಿಗೆ ಗುಡುಗುವ ಸೈಲೆನ್ಸರ್ ತಂದೆ. ತಲಕಾಡಿನ ನನ್ನ ಭಾವಮೈದ ಹೊಸ ಬೈಕು ಕೊಂಡಿದ್ದ. ಇದಕ್ಕಿಂತ ಘನವಾದ ಕಾರಣ ಬೇಕೆ? ಸಿದ್ದರಾಜಣ್ಣ ಅದನ್ನು ಮೇಲೆ ಕೆಳಗೆ ನೋಡಿದ.

“ಕ್ಲಾಸಲ್ಲಿ ಐಕ್ಳಿಗೆ ಸದ್ದು ಮಾಡ್ಬೇಡಿ ಅಂತೀರಿ. ಆ ಸದ್ದೆಲ್ಲ ಕೂಡಿಟ್ಟು ಇಲ್ಲಿಗ್ ತಂದ್ರಾ ಸಾ?”

ಅಣಕಿಸುತ್ತಲೇ ಜೋಡಿಸಿದ. ಹಳೆಯದಕ್ಕಿಂತ ಇದು ಹಿಂದಿನ ಬ್ರೇಕಿನ ರಬ್ಬರ್ ಪೈಪಿಗೆ ತೀರಾ ಹತ್ತಿರ ಕೂತಿತು. ಪೈಪಿನ ಮೇಲೆ ಒಂದು ಬೊಟ್ಟು ಮೇಣ ಇಟ್ಟು, “ಟಿ. ನರಸೀಪುರಕ್ ಓಗ್ಬುಟ್ಟು ಬನ್ನಿ. ಮೇಣ ನಿಂತಿದ್ರೆ ಗಾಡಿ ತಕ್ಕೊಂಡೋಗಿ. ಕರಗಿದ್ರೆ ಇಲ್ಲೇ ಬುಟ್ಟೋಗಿ, ಅಡ್ಡ ತಗಡು ಆಕ್ಬೇಕು” ಎಂದ.

ಮರುದಿನವೇ ಹೆಂಡತಿಯನ್ನು ಕೂರಿಸಿಕೊಂಡು ತಲಕಾಡಿಗೆ ಗುಡುಗಿಕೊಂಡು ಹೋಗುವ ಯೋಜನೆ ನನ್ನದು. ನರಸೀಪುರ ಮುಟ್ಟುವಷ್ಟರಲ್ಲಿ ಮೇಣ ಕರಗಿ ಹರಿದುಹೋಗಿತ್ತು. ಜಾಣತನಕ್ಕೇನು ಬರವೇ? ವಾಪಸು ಬರುವಾಗ ನಂಜನಗೂಡಿನ ಹೊರಗೇ ಗಾಡಿ ಆರಿಸಿ, ಪೆಟ್ಟಿಗೆ ಅಂಗಡಿಯಲ್ಲಿ ಮೇಣದಬತ್ತಿ ಕೊಂಡು, ಹೊಸ ಬೊಟ್ಟು ಇಟ್ಟೆ. ಮತ್ತೆ ಕರಗೀತೆಂದು ಉಳಿದ ದಾರಿಯನ್ನೆಲ್ಲ ತಳ್ಳಿಕೊಂಡೇ ಬಂದೆ. ಪೆಟ್ರೋಲ್ ಮುಗಿಯಿತು ಎಂದೆ.

ಸಿದ್ದರಾಜಣ್ಣ ಬಗ್ಗಿ ನೋಡಿದ. “ಗಾಡಿ ತುಂಬ ದೂಳು, ಮೇಣ ಒಂದೇ ಮಡಿ ಉಟ್ಕಂಡದೆ!” ಆಮೇಲೆ ನಗಲಿಲ್ಲ. “ನಂಗ್ ಸುಳ್ಳೇಳಿದ್ದು ಓಗ್ಲಿ. ಬಿಸಿಗೆ ಪೈಪ್ ಬೆಂದು ಬ್ರೇಕ್ ಇಡೀದೇ ಓದ್ರೆ, ಇಂದ್ಗಡೆ ಕೂತಿರೋ ಅಕ್ಕಾರ್ಗೆ ಏನೇಳೀರಿ ಸಾ?”

ನಾಚಿಕೆಯಾಗಿ ಗಾಡಿಯನ್ನು ಅಲ್ಲೇ ಬಿಟ್ಟು ಬಂದೆ. ಮರುದಿನ ತಲಕಾಡಿಗೆ ಬಸ್ಸಿನಲ್ಲಿ ಹೋದೆವು. ಬಸ್ ನಿಲ್ದಾಣದಿಂದ ಕರೆದುಕೊಂಡು ಹೋಗಲು ಭಾವಮೈದ ಅದೇ ಹೊಸ ಬೈಕಿನಲ್ಲಿ ಬಂದಿದ್ದ.

ತಿರುಗಿ ಬಂದಾಗ ಸಿದ್ದರಾಜಣ್ಣ ಹಳೆಯ ಅಲ್ಯೂಮಿನಿಯಂ ತಟ್ಟೆಯೊಂದನ್ನು ಕತ್ತರಿಸಿ, ಸೈಲೆನ್ಸರಿಗೂ ಪೈಪಿಗೂ ನಡುವೆ ವಾಷರ್ ಕೊಟ್ಟು, ಬೆರಳಗಲ ಸಂದು ಬಿಟ್ಟು ಬಿಗಿದಿದ್ದ.

“ಕಾಪಾಡೋದು ಬರೀ ತಗಡಲ್ಲ ಕಣ್ರೀ, ಸಂದು. ಮಧ್ಯ ಗಾಳಿ ಆಡ್ಬೇಕು. ಅತ್ತೆ ಸೊಸೆಗೂ ಅಷ್ಟೇಯ.”

ಹೋದ ವರ್ಷ ಅವನು ತೀರಿಕೊಂಡ. ಬೈಯುವವರೇ ಇಲ್ಲದೆ ಬೈಕು ಓಡಿಸುವುದು ಬೇಜಾರು. ಮೊನ್ನೆ, ಯಾರೂ ಹೇಳದಿದ್ದರೂ, ಪೈಪಿಗೆ ಒಂದು ಬೊಟ್ಟು ಮೇಣವಿಟ್ಟು ನರಸೀಪುರಕ್ಕೆ ಹೋಗಿ ಬಂದೆ. ಬೊಟ್ಟು ಇಟ್ಟ ಹಾಗೇ ಇತ್ತು. ಬೀಗ ಬಿದ್ದ ಅವನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ.

“ನೋಡಣ್ಣ,” ಎಂದೆ, “ಈ ಸಲ ಮೇಣದ್ ಮೇಲೆ ದೂಳೂ ಕೂತದೆ.”