ನಿಲ್ಲಿಸುವ ಮಾತು ಯಾರದು

ನನ್ನ ಅಕ್ಕನನ್ನು ಕಾರ್ಖಾನೆಯಲ್ಲಿ ಎಲ್ಲರೂ ಗುದ್ದಕ್ಕ ಎನ್ನುತ್ತಿದ್ದರು. ತಗಡು ಒತ್ತುವ ಪ್ರೆಸ್ ಮಷೀನುಗಳ ಸಾಲಿಗೆ ಅವಳು ಮೇಸ್ತ್ರಿ. ಯಾರಾದರೂ ತಪ್ಪು ಮಾಡಿ ಮುಚ್ಚಿಟ್ಟರೆ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. ನನಗೂ ಬಿದ್ದಿದೆ. ತಮ್ಮ ಅಂತ ಮೆಲ್ಲಗೆ ಹೊಡೆದವಳಲ್ಲ.

ಮೇಸ್ತ್ರಿ ಎನ್ನುವುದು ಹೆಸರಿಗೆ ಮಾತ್ರ. ಅವಳ ಮೇಲೆ ಮೂವರು ಸಾಹೇಬರಿದ್ದರು. ಒಬ್ಬ ಮಾಲು ನೋಡುವವನು, ಒಬ್ಬ ಮಷೀನು ನೋಡುವವನು, ಇನ್ನೊಬ್ಬ ಆಳು ನೋಡುವವನು. ಮೂವರೂ ನಮಗೆ ಹುಕುಂ ಕೊಡುತ್ತಿದ್ದರು.

ಒಂದು ದಿನ ನನ್ನ ಪ್ರೆಸ್ಸು ಕೆಟ್ಟಿತು. ಪೆಡಲ್ ಒಂದು ಸಲ ತುಳಿದರೆ ಮೇಲಿನ ಅಚ್ಚು ಎರಡು ಸಲ ಇಳಿಯುತ್ತಿತ್ತು. ಅಕ್ಕ ಉಗ್ರಾಣಕ್ಕೆ ಹೋಗಿದ್ದಳು. ನಾನು ಮಷೀನು ಸಾಹೇಬನಿಗೆ ಹೇಳಿದೆ.

"ನಿಲ್ಸೋದು ನನ್ನ ಕೈಲಿಲ್ಲಪ್ಪ, ಮಾಲಿನೋರನ್ನ ಕೇಳು."

ಮಾಲು ಸಾಹೇಬ, "ರಿಪೇರಿ ನನಗೇನು ಗೊತ್ತು? ಮಷೀನಿನೋರನ್ನ ಕೇಳು" ಎಂದ.

ಆಳು ಸಾಹೇಬ, "ಸುತ್ತಾಡ್ತಾ ಇದ್ರೆ ಹಾಜರಿ ಕಟ್" ಎಂದ.

ವಾಪಸ್ ಹೋಗಿ ಕೂತೆ. ಎರಡನೇ ಸಲ ಇಳಿದಾಗ ನನ್ನ ಬಲಗೈ ಒಳಗಿತ್ತು. ಹೆಬ್ಬೆರಳು ಉಳಿಯಿತು. ಮಿಕ್ಕ ನಾಲ್ಕೂ ತಗಡಿಗೆ ಅಂಟಿಕೊಂಡು ಬಂದವು.

ಅಕ್ಕ ಓಡಿ ಬಂದು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನನ್ನ ಕೈಗೆ ಸುತ್ತಿದಳು. "ಯಾರಿಗೆ ಹೇಳಿದ್ದೆ?" ಎಂದಳು. ಮೂವರಿಗೂ ಎಂದೆ. ನನ್ನನ್ನು ಆಸ್ಪತ್ರೆಗೆ ಕಳಿಸಿ ನೆಟ್ಟಗೆ ಸಾಹೇಬರ ಗಾಜಿನ ಕೋಣೆಗೆ ನುಗ್ಗಿದಳು. ಅಲ್ಲಿ ಮೂವರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಿದ್ದರಂತೆ.

"ಬೆರಳು ಇಟ್ಕೊಂಡಿದ್ದೀರಲ್ಲ, ಪುಣ್ಯವಂತರು!" ಎಂದವಳೇ ಕೈಗೆ ಸಿಕ್ಕ ಸ್ಪ್ಯಾನರ್ ಬೀಸಿದಳು. ಮಾಲು ಸಾಹೇಬನ ದವಡೆ ಮುರಿಯಿತು. ಮಷೀನು ಸಾಹೇಬನ ಮೂಗು ಒಡೆಯಿತು. ಮೂರನೆಯವನು ಬಾಗಿಲು ಅಂತ ಗಾಜಿಗೆ ನುಗ್ಗಿ ತಾನಾಗಿಯೇ ಮೈ ಸೀಳಿಕೊಂಡ.

ಪೊಲೀಸರು ಬಂದರೆ ನನ್ನ ಕೈಯ ವಿಷಯವೂ ಹೊರಗೆ ಬರುತ್ತದೆ. ಮಾಲೀಕರಿಗೆ ಅದು ಬೇಡವಾಗಿತ್ತು.

"ಏನಮ್ಮ ಬೇಕು ನಿಂಗೆ?" ಎಂದರು.

"ಸಾಲಿಗೆ ಒಬ್ರು. ಓಡ್ಸು ಅನ್ನೋರೂ ಅವ್ರೇ, ನಿಲ್ಸು ಅನ್ನೋರೂ ಅವ್ರೇ. ಏನಾದ್ರೂ ಆದ್ರೆ ಏಟು ತಿನ್ನೋರೂ ಅವ್ರೇ."

"ಹಂಗಾದ್ರೆ ನೀನೇ ಆಗು."

"ಆಗ್ತೀನಿ."

ಆಮೇಲೆ ಸಾಲು ಬದಲಾಯಿತು. ಏನು ಕೆಟ್ಟರೂ ಅಕ್ಕನಿಗೆ ಹೇಳಬೇಕು. ಹೇಳಿದವರಿಗೆ ಗುದ್ದಿಲ್ಲ, ಮುಚ್ಚಿಟ್ಟವರಿಗೆ ಎರಡು. ರದ್ದಿಗೆ ಹೋಗುವ ಮಾಲು ಕಡಿಮೆಯಾಯಿತು, ಕೆಲಸ ಜಾಸ್ತಿಯಾಯಿತು. ಯಾರ ಕೈಯೂ ಹೋಗಲಿಲ್ಲ. ನನಗೆ ಎಡಗೈಯಲ್ಲಿ ಮಾಲು ತಪಾಸಣೆ ಮಾಡುವ ಕೆಲಸ ಕೊಟ್ಟರು.

ಉದ್ದಣ್ಣ ಅಂತ ಒಬ್ಬ ಪ್ರೆಸ್ಸಿನವನಿದ್ದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. "ಅಕ್ಕಾ, ನನ್ನ ಬೆನ್ನು ಉದ್ದ ಅಂತ ಜಾಸ್ತಿ ಗುದ್ದಬೇಡ, ಗುದ್ದಿಗಿಷ್ಟು ಅಂತ ಬಾಡಿಗೆ ಹಾಕ್ತೀನಿ" ಎಂದು ನಗಿಸುತ್ತಿದ್ದ.

ಆವತ್ತು ಗೇಟಿನಲ್ಲಿ ಲಾರಿ ಕಾಯುತ್ತಿತ್ತು. ಉದ್ದಣ್ಣ ಕೂಗಿದ. "ಅಕ್ಕಾ, ಪ್ರೆಸ್ಸಿನ ಬ್ರೇಕ್ ಜಾರ್ತಿದೆ. ನಿಲ್ಸಲಾ?"

"ಲಾರಿ ತುಂಬ್ಲಿ ಇರೋ. ಇನ್ನೊಂದಿಷ್ಟು ಹೊಡಿ."

ಅಕ್ಕನ ಮಾತಲ್ಲವೇ, ಹೊಡೆದ. ಮಷೀನು ಅವನ ಮುಂಗೈಯನ್ನು ತಗಡಿನ ಜೊತೆ ಜಜ್ಜಿ ಮಡಿಸಿತು. ಅವನ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮಾಲೀಕರು ಬಂದು ಅಕ್ಕನ ಕಿವಿಯಲ್ಲಿ, "ಅವನೇ ಅಡ್ಡ ಕೈ ಇಟ್ಟ ಅನ್ನು. ಮುಗೀತು" ಎಂದರು.

"ನಿಲ್ಸಲಾ ಅಂದ. ನಾನೇ ಬೇಡ ಅಂದೆ" ಎಂದು ಅಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ ಉದ್ದಣ್ಣನ ಹೆಂಡತಿಗೂ ಅದನ್ನೇ ಹೇಳಿದಳು. ಆಕೆಯ ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು. ಅದರಿಂದಲೇ ಅಕ್ಕನ ಮುಖಕ್ಕೆ ಬಾರಿಸಿದಳು. ತುಟಿ ಸೀಳಿತು. ಮತ್ತೆ ಬಾರಿಸಿದಳು. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಅಕ್ಕ ಕೈ ಅಡ್ಡ ತರಲಿಲ್ಲ. ನಾನು ನಡುವೆ ಹೋದೆ.

"ದೂರ ನಿಲ್ಲೋ. ನಿನ್ನ ಕೈ ಹೋದಾಗ ನಾನು ಹೊಡೆದೆ. ನನ್ನ ಯಾರಾದ್ರೂ ತಡೆದ್ರಾ?" ಎಂದಳು ಅಕ್ಕ.

ಹೊಡೆದು ಹೊಡೆದು ಆಕೆ ಕುಸಿದು ಕೂತಳು. "ಯಾಕೆ ಬೇಡ ಅಂದೆ?"

"ಲಾರಿ ಕಾಯ್ತಿತ್ತು."

ಆಕೆ ಎದ್ದು ಇನ್ನೊಂದು ಕೊಟ್ಟಳು. ಅಕ್ಕನ ಒಂದು ಹಲ್ಲು ನೆಲಕ್ಕೆ ಬಿತ್ತು.

ಮುಖದ ಬಾವು ಇಳಿಯುವ ಮೊದಲೇ ಅಕ್ಕ ಮಾಲೀಕರ ಮುಂದೆ ನಿಂತಳು. "ಸಾಲು ನಂಗೆ ಬೇಡ. ಉದ್ದಣ್ಣನ ಮಷೀನಿಗೆ ನನ್ನ ಹಾಕಿ. ನಿಲ್ಸೋ ಮಾತು ಮಷೀನಿನ ಮುಂದೆ ಕೂತೋರ್ದು. ಮೇಸ್ತ್ರಿನೂ ಕೇಳಬೇಕಾಗಿಲ್ಲ." ಮಾಲೀಕರು ಗೊಣಗುತ್ತಲೇ ಒಪ್ಪಿದರು. ಮೇಸ್ತ್ರಿ ಕೆಲಸ ನನಗೆ ಬಂತು.

ಆ ಮಷೀನಿನ ರಿಪೇರಿ ಮುಗಿದು ಅಕ್ಕ ಅದರ ಮುಂದೆ ಕೂತ ದಿನವೇ ಮತ್ತೆ ಲಾರಿ ಬಂತು. ಸಾಲಿನ ಸದ್ದಿನಲ್ಲಿ ಒಂದು ಮಷೀನು ತಟ್ಟನೆ ನಿಂತಿತು.

"ತಮ್ಮಾ, ಪೆಡಲ್ ಸಡಿಲ ಆಗಿದೆ. ನಿಲ್ಸಿದ್ದೀನಿ" ಎಂದಳು ಅಕ್ಕ. ಕೇಳಲಿಲ್ಲ, ಹೇಳಿದಳು.

ನಾನು ಫಿಟ್ಟರ್‌ನನ್ನು ಕರೆಯಲು ಹೋದೆ. ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು.